ಓಟು ಹಾಕೋಕ್ಕೆ ಮುಂಚೆ ಓಟರ್ ಲಿಸ್ಟ್ ಬರೆದೋರು ಯಾರು?

ಪ್ರಶ್ನೆ: ಸರ್, ನಮ್ದು ಕಲಬುರಗಿ ಹತ್ರ ಒಂದು ಹಳ್ಳಿ. ಇಲ್ಲಿ ಚಂದ್ರಾ ಲೇಔಟ್‌ನಾಗ ಪೀಜಿ ಮಾಡ್ಕೊಂಡು ಕೆಎಎಸ್‌ಗೆ ಓದ್ಲಿಕತ್ತೀನಿ. ವಿಶ್ವಸಂಸ್ಥೆಯವ್ರು ಒಂದ್ಕಡಿ ಎಲ್ಲಾ ಜನರಿಗೂ ಸ್ವನಿರ್ಣಯದ ಹಕ್ಕು, ಅಂದ್ರ ತಮ್ಮನ್ನ ಯಾರು ಹೆಂಗ ಆಳ್ಬೇಕು ಅಂತ ತಾವೇ ತೀರ್ಮಾನ ಮಾಡೋ ಹಕ್ಕು, ಅದ ಅಂತಾರ, ಇನ್ನೊಂದ್ಕಡಿ ದೇಶದ ಗಡಿ ಮುಟ್ಟಂಗಿಲ್ಲ ಅಂತಾರ. ಎರಡೂ ಖರೇ ಹೆಂಗ ಆಗ್ತದ? ಬ್ರಿಟನ್‌ನಿಂದ ಬ್ಯಾರೆ ಆಗ್ಬೇಕಾ ಅಂತ ಸ್ಕಾಟ್‌ಲೆಂಡ್‌ನವರಿಗೆ ಓಟು ಹಾಕ್ಲಿಕ್ಕೆ ಬಿಟ್ರು, ಅದನ್ನೇ ಮಾಡ್ಲಿಕ್ಕೆ ಹೋದ ಸ್ಪೇನ್‌ನ ಕ್ಯಾಟಲೋನಿಯಾದವರ ಮ್ಯಾಲ ಪೊಲೀಸರು ಬಿದ್ರು. ರೂಲ್ ಒಂದೇ ಇದ್ರ ಹಿಂಗ್ಯಾಕ? ಮತ್ತ, ಬ್ಯಾರೆ ದೇಶದವರು ಇಲ್ಲಿ ಇಟ್ಟಿರೋ ಕಚೇರಿ, ಅದೇ ಕಾನ್ಸುಲೇಟ್, ಒಳಗ ಕಾಲಿಟ್ರ ಅದು ಆ ದೇಶದ ನೆಲ ಅಂತ ನಮ್ಮ ರೂಮ್‌ಮೇಟ್ ಅಂತಾಳ, ಖರೇನಾ?

ಉತ್ತರ:

ಕೋಚಿಂಗ್ ನೋಟ್ಸ್‌ನಲ್ಲಿ ಇದಕ್ಕೆ ಉತ್ತರ ಒಂದೇ ಸಾಲು ಇರತ್ತೆ, ‘ಎರಡು ತತ್ವಗಳ ನಡುವೆ ಸಮತೋಲನ ಕಾಯ್ದುಕೊಳ್ಳಬೇಕು’ ಅಂತ. ನಾನು ಮೂವತ್ತು ವರ್ಷ ಲಾ ಕಾಲೇಜಲ್ಲಿ ಅಂತರರಾಷ್ಟ್ರೀಯ ಕಾನೂನು ಪಾಠ ಮಾಡಿದೋನು, ಈ ಸಾಲನ್ನ ಎಷ್ಟು ಆನ್ಸರ್ ಶೀಟ್‌ನಲ್ಲಿ ನೋಡಿದೀನೋ ಲೆಕ್ಕ ಇಟ್ಟಿಲ್ಲ, ಪ್ರತಿ ಸಲ ಅರ್ಧ ಮಾರ್ಕು ಕೊಟ್ಟು ಮುಂದೆ ಹೋಗಿದೀನಿ. ಜಗಳ ಎಲ್ಲಿ ಕೂತಿದೆ ಅನ್ನೋದನ್ನೇ ಅದು ಹೇಳಲ್ಲ. ನನ್ನ ಕೇಳಿದ್ರೆ ಜಗಳ ಪೂರ್ತಿ ಕೂತಿರೋದು ಓಟರ್ ಲಿಸ್ಟಲ್ಲಿ.

ನಮ್ಮ ಅಪಾರ್ಟ್‌ಮೆಂಟ್ ಕತೆ ಹೇಳ್ತೀನಿ, ನಗಬೇಡಿ. ಜೆಪಿ ನಗರದ ಕಡೆ ಮೂರು ಬ್ಲಾಕಿನ ಹಳೇ ಬಿಲ್ಡಿಂಗು. ನಾಲ್ಕು ವರ್ಷದ ಹಿಂದೆ ಸಿ ಬ್ಲಾಕ್‌ನವ್ರು ನಮಗೆ ಬೇರೆ ಅಸೋಸಿಯೇಷನ್ ಬೇಕು ಅಂತ ಶುರು ಹಚ್ಕೊಂಡ್ರು. ಅವ್ರ ಸಿಟ್ಟಲ್ಲಿ ಸುಳ್ಳೇನಿರ್ಲಿಲ್ಲ, ಅವ್ರ ಲಿಫ್ಟ್ ಕೆಟ್ಟು ಎರಡು ತಿಂಗಳಾಗಿತ್ತು, ಅಷ್ಟ್ರಲ್ಲಿ ಕಮಿಟಿಯವ್ರು ಎ ಬ್ಲಾಕ್‌ಗೆ ಪೇಂಟ್ ಹೊಡಿಸ್ತಾ ಇದ್ರು. ವಾಟ್ಸಾಪ್‌ನಲ್ಲಿ ಪೋಲ್ ಹಾಕಿದ್ರು, ಸಿ ಬ್ಲಾಕ್‌ನ 24 ಮನೇಲಿ 19 ಮನೆ ‘ಹೌದು, ಬೇರೆ ಆಗೋಣ’. ಜನ ತೀರ್ಮಾನ ಮಾಡಾಯ್ತಲ್ಲ ಅಂತ ಅವ್ರು. ಆಮೇಲೆ ಜನರಲ್ ಬಾಡಿ ಕರೆದ್ರು, ಒಟ್ಟು 72 ಮನೇಲಿ ಹೌದು ಅಂದಿದ್ದು ಅದೇ 19, ಇದೂ ಜನರ ತೀರ್ಮಾನಾನೇ ಅಂತ ಇವ್ರು. ಸಂಪ್ ಇರೋದು ಎ ಬ್ಲಾಕ್ ಕೆಳಗೆ, ಕಾವೇರಿ ಕನೆಕ್ಷನ್ ಇರೋದೇ ಒಂದು, ಬೋರ್‌ವೆಲ್ ಮಾತ್ರ ಸಿ ಬ್ಲಾಕ್ ಹಿಂದೆ, ಜನರೇಟರ್ ತಂದಿದ್ದು ಎಲ್ಲರ ದುಡ್ಡಲ್ಲಿ. ಇದು ಸಾಲದು ಅಂತ ಸಿ ಬ್ಲಾಕ್‌ನಲ್ಲೇ ಬೇಡ ಅಂದ ಐದು ಮನೇಲಿ ನಾಲ್ಕು ಗ್ರೌಂಡ್ ಫ್ಲೋರ್‌ನವ್ರು, ಅವ್ರಂದ್ರು, ನಮಗೆ ಲಿಫ್ಟೂ ಬೇಡ ಏನೂ ಬೇಡ, ನೀವು ಬೇರೆ ಆಗೋದಾದ್ರೆ ನಾವು ನಿಮ್ಮಿಂದ ಬೇರೆ ಆಗಿ ಹಳೇ ಅಸೋಸಿಯೇಷನ್‌ನಲ್ಲೇ ಇರ್ತೀವಿ.

ಯಾರ ಎಣಿಕೇನೂ ತಪ್ಪಿರ್ಲಿಲ್ಲ ನೋಡಿ. 24ನ್ನ ಕೆಳಗಿಟ್ಟು ಭಾಗಿಸ್ಬೇಕೋ, 72ನ್ನೋ, ಇಲ್ಲಾ ಬರೀ 4ನ್ನೋ, ಅಷ್ಟೇ ಪ್ರಶ್ನೆ, ಮತ್ತೆ ಅದನ್ನ ಓಟು ಹಾಕಿ ತೀರ್ಮಾನ ಮಾಡಕ್ಕೆ ಆಗೋದೇ ಇಲ್ಲ, ಯಾಕಂದ್ರೆ ಆ ಓಟಿಗೂ ಒಂದು ಲಿಸ್ಟ್ ಬೇಕಲ್ಲ. ಐವರ್ ಜೆನ್ನಿಂಗ್ಸ್ ಅಂತ ಒಬ್ಬ ಬ್ರಿಟಿಷ್ ಸಂವಿಧಾನ ಪಂಡಿತ 1950ರ ದಶಕದಲ್ಲೇ ಇದನ್ನ ಹೇಳಿದ್ದ, ಜನ ತೀರ್ಮಾನ ಮಾಡ್ಲಿ ಅನ್ನೋದು ಕೇಳೋಕ್ಕೆ ನ್ಯಾಯವಾಗೇ ಇದೆ, ಆದ್ರೆ ‘ಜನ’ ಅಂದ್ರೆ ಯಾರು ಅಂತ ಇನ್ಯಾರೋ ತೀರ್ಮಾನ ಮಾಡೋ ತನಕ ಜನಕ್ಕೆ ಏನೂ ತೀರ್ಮಾನ ಮಾಡಕ್ಕಾಗಲ್ಲ ಅಂತ. ಈ ಮಾತು ತಲೇಲಿಟ್ಕೊಂಡು ಉಳಿದಿದ್ದು ಓದಿ.

ಕೆನಡಾದ ಕ್ವೆಬೆಕ್ ತಗೊಳಿ. ಫ್ರೆಂಚ್ ಮಾತಾಡೋ ಪ್ರಾಂತ್ಯ, 1995ರಲ್ಲಿ ಬೇರೆ ಆಗೋದಾ ಅಂತ ಜನಮತ ನಡೀತು, ಬೇಡ 50.58 ಪರ್ಸೆಂಟ್, ಬೇಕು 49.42. ಕೂದಲೆಳೆ ಅಂತಾರಲ್ಲ, ಅಷ್ಟೇ ಅಂತರ. ಎಲ್ಲರೂ ನೆನಪಿಟ್ಕೊಳೋದು ಇದನ್ನ. ಆದ್ರೆ ಅದಕ್ಕೆ ಒಂದು ವಾರ ಮುಂಚೆ ಕ್ವೆಬೆಕ್‌ನ ಉತ್ತರದ ಕ್ರೀ ಅನ್ನೋ ಮೂಲನಿವಾಸಿಗಳು ತಮ್ಮದೇ ಬೇರೆ ಜನಮತ ಇಟ್ಕೊಂಡು, 96 ಪರ್ಸೆಂಟ್ ಜನ, ಕ್ವೆಬೆಕ್ ಹೋದ್ರೂ ನಾವು ನಮ್ಮ ನೆಲ ಸಮೇತ ಕೆನಡಾದಲ್ಲೇ ಇರ್ತೀವಿ ಅಂದಿದ್ರು. ನಮ್ಮ ಗ್ರೌಂಡ್ ಫ್ಲೋರ್‌ನವ್ರೇ ಅಲ್ವಾ! ಕ್ವೆಬೆಕ್‌ಗೆ ಸ್ವನಿರ್ಣಯ ಇದ್ರೆ ಕ್ರೀಗಳಿಗೆ ಯಾಕಿಲ್ಲ ಅನ್ನೋದಕ್ಕೆ ಪ್ರತ್ಯೇಕ ಆಗ್ಬೇಕು ಅಂದೋರ ಹತ್ರ ಗಟ್ಟಿ ಉತ್ತರ ಇರ್ಲಿಲ್ಲ. ಅವ್ರು ಕೆನಡಾ ರಾಜಧಾನಿ ಒಟ್ಟಾವಾಕ್ಕೆ ಹೇಳಿದ್ದನ್ನೇ ಕ್ರೀಗಳು ಅವ್ರಿಗೆ ವಾಪಸ್ ಹೇಳಿದ್ರು.

ಸ್ಕಾಟ್‌ಲೆಂಡ್ ಲಿಸ್ಟ್ ಇನ್ನೂ ಮಜಾ. 2014ರ ಸೆಪ್ಟೆಂಬರ್ 18ಕ್ಕೆ ಓಟು ಹಾಕೋಕ್ಕೆ ಸ್ಕಾಟ್‌ಲೆಂಡ್‌ನಲ್ಲಿ ವಾಸ ಇರ್ಬೇಕಿತ್ತು. ಗ್ಲಾಸ್ಗೋದಲ್ಲಿ ಹುಟ್ಟಿ ಬೆಳೆದು ಕೆಲಸಕ್ಕೆ ಅಂತ ಲಂಡನ್‌ನಲ್ಲಿ ಮನೆ ಮಾಡಿರೋನಿಗೆ ಓಟಿಲ್ಲ, ಪೋಲೆಂಡ್‌ನಿಂದ ಬಂದು ಎಡಿನ್‌ಬರೋದಲ್ಲಿ ನೆಲೆಸಿರೋನಿಗೆ ಇದೆ, 16 ವರ್ಷದ ಹುಡುಗ್ರಿಗೂ ಇದೆ. ಹುಟ್ಟು, ರಕ್ತ, ಭಾಷೆ ಒಂದೂ ನೋಡ್ಲಿಲ್ಲ, ವಿಳಾಸ ನೋಡಿದ್ರು. ನನಗೆ ಅದು ಸರಿ ಅನ್ಸತ್ತೆ, ನಿಮಗೆ ಅನ್ನಿಸ್ದೇ ಇರ್ಬೋದು. ನಮ್ಮ ಬೆಂಗಳೂರಲ್ಲಿ ಯಾವತ್ತಾದ್ರೂ ಅಂಥ ಲಿಸ್ಟ್ ಬರೀಬೇಕು ಅಂದ್ರೆ ಮೊದಲ ದಿನವೇ ಏನು ಗಲಾಟೆ ಆಗತ್ತೆ ಅಂತ ಯೋಚ್ನೆ ಮಾಡಿ.

ಈಗ ಸಾರ್ವಭೌಮತ್ವಕ್ಕೆ ಬರೋಣ. ಸಾರ್ವಭೌಮ ಅಂದ್ರೆ ಮೂಲದಲ್ಲಿ ಇಡೀ ಭೂಮಿಗೆ ಒಡೆಯ, ಚಕ್ರವರ್ತಿಗಳ ಬಿರುದು ಅದು. ಈಗ ಅದೇ ಪದ ಹಿಡ್ಕೊಂಡು 193 ದೇಶ ವಿಶ್ವಸಂಸ್ಥೇಲಿ ಕೂತಿವೆ, ಪ್ರತಿಯೊಬ್ಬನೂ ಸಾರ್ವಭೌಮನೇ, ಹಂಗಾಗಿ ಅರ್ಥ ಕುಗ್ಗಿ ಕಾಂಪೌಂಡ್ ಒಳಗಿನ ಮಾತಾಗಿದೆ: ನನ್ನ ಗೋಡೆ ಒಳಗೆ ನನ್ನ ಮೇಲೆ ಯಾರಿಲ್ಲ, ನಿನ್ನ ಗೋಡೆ ಒಳಗೆ ನಾನು ಬರಲ್ಲ. ಯುರೋಪಿನೋರು ಇದಕ್ಕೆ 1648ರ ವೆಸ್ಟ್‌ಫಾಲಿಯಾ ಒಪ್ಪಂದನ ತೋರಿಸ್ತಾರೆ, ಪರೀಕ್ಷೆಗೆ ಆ ಇಸವಿ ಬರೀರಿ ಸಾಕು, ಅದರ ಮೇಲೆ ಜಾಸ್ತಿ ಟೈಮ್ ಹಾಕ್ಬೇಡಿ. ಮುಖ್ಯವಾದ ತಿರುವು ಆಮೇಲಿಂದು. ಗೋಡೆ ಒಳಗಿನ ಒಡೆಯ ರಾಜ ಆಗಿದ್ದಷ್ಟು ದಿನ ನಿಮ್ಮ ಪ್ರಶ್ನೇನೇ ಹುಟ್ಟಲ್ಲ, ರಾಜ ಯಾರು ಅಂತ ಎಲ್ಲರಿಗೂ ಗೊತ್ತು. 1789ರಲ್ಲಿ ಫ್ರಾನ್ಸ್‌ನೋರು ಸಾರ್ವಭೌಮತ್ವ ಇರೋದು ರಾಷ್ಟ್ರದಲ್ಲಿ, ರಾಜನಲ್ಲಲ್ಲ ಅಂತ ಘೋಷಣೆ ಮಾಡಿದ್ರು ನೋಡಿ, ಅವತ್ತಿಂದ ‘ಹಂಗಾದ್ರೆ ರಾಷ್ಟ್ರ ಅಂದ್ರೆ ಯಾರಪ್ಪ’ ಅನ್ನೋದು ಶುರುವಾಯ್ತು. ಆದ್ರಿಂದ ಸಾರ್ವಭೌಮತ್ವ, ಸ್ವನಿರ್ಣಯ ಎರಡನ್ನೂ ಹಾವು ಮುಂಗುಸಿ ಥರ ಓದ್ಬೇಡಿ, ಎರಡೂ ಒಂದೇ ಹೊಟ್ಟೇಲಿ ಹುಟ್ಟಿದ್ದು, ಈಗ ಆಸ್ತಿ ಭಾಗದಲ್ಲಿ ಕಿತ್ತಾಡ್ತಿವೆ.

ಸ್ವನಿರ್ಣಯ ಅನ್ನೋ ಮಾತು ಮನೆಮಾತಾಗಿದ್ದು ಮೊದಲ ಮಹಾಯುದ್ಧದ ಕೊನೇಲಿ. ಲೆನಿನ್ 1914ರಲ್ಲೇ ಬರೆದಿದ್ದ, ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ 1918ರಲ್ಲಿ ಭಾಷಣ ಮಾಡಿದ. ತಮಾಷೆ ಏನಂದ್ರೆ ಅವನ ಪ್ರಸಿದ್ಧ 14 ಅಂಶದಲ್ಲಿ ಈ ಪದಾನೇ ಇಲ್ಲ, ಒಂದು ತಿಂಗಳ ನಂತರದ ಭಾಷಣದಲ್ಲಿ ಬರತ್ತೆ. ಅವನ ಸ್ವಂತ ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗ್‌ಗೇ ಭಯ, ಈ ಮಾತಿನ ತುಂಬ ಡೈನಮೈಟ್ ತುಂಬಿದೆ ಅಂತ ಬರೆದಿಟ್ಟ. ಜಗತ್ತಿನ ಮೂಲೆಮೂಲೆಯಿಂದ ಜನ ಇದನ್ನ ನಂಬ್ಕೊಂಡು ಪ್ಯಾರಿಸ್‌ನಲ್ಲಿ ನಡೀತಿದ್ದ ಶಾಂತಿ ಸಮ್ಮೇಳನದ ಕಡೆ ನೋಡಿದ್ರು. ಬಾಲಗಂಗಾಧರ ತಿಲಕರು ಕಾಂಗ್ರೆಸ್ ಪ್ರತಿನಿಧಿಯಾಗಿ ಶಾಂತಿ ಸಮ್ಮೇಳನಕ್ಕೆ ಹೋಗ್ಬೇಕಿತ್ತು, ಬ್ರಿಟಿಷ್‌ನೋರು ಪಾಸ್‌ಪೋರ್ಟೇ ಕೊಡ್ಲಿಲ್ಲ. ಆಗಿನ್ನೂ ಯಾರೂ ಹೆಸರು ಕೇಳದ ವಿಯೆಟ್ನಾಂ ಹುಡುಗ ಅರ್ಜಿ ಕೊಟ್ಟ, ಯಾರೂ ಓದ್ಲಿಲ್ಲ, ಮುಂದೆ ಅವನೇ ಹೋ ಚಿ ಮಿನ್. ಲಿಸ್ಟಲ್ಲಿ ಯುರೋಪಿನ ಸೋತ ಸಾಮ್ರಾಜ್ಯಗಳ ಜನಕ್ಕೆ ಮಾತ್ರ ಜಾಗ ಇತ್ತು.

ಯುರೋಪಲ್ಲೂ ಎಲ್ಲರಿಗೂ ಇರ್ಲಿಲ್ಲ ಅನ್ನಿ. ಓಲಂಡ್ ಅಂತ ದ್ವೀಪಗಳ ಗುಂಪು, ಸ್ವೀಡನ್ ಫಿನ್‌ಲೆಂಡ್ ಮಧ್ಯ ಸಮುದ್ರದಲ್ಲಿ, ಜನ ಮಾತಾಡೋದು ಸ್ವೀಡಿಷ್, ನೆಲ ಫಿನ್‌ಲೆಂಡ್‌ದು. ನಮ್ಮನ್ನ ಸ್ವೀಡನ್‌ಗೆ ಸೇರಿಸಿ ಅಂದ್ರು, ವಿಷಯ ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರ ಸಂಘಕ್ಕೆ ಹೋಯ್ತು, 1921ರಲ್ಲಿ ತೀರ್ಪು ಬಂತು: ದೇಶ ಬಿಟ್ಟು ಹೋಗೋ ಹಕ್ಕು ನಿಮಗಿಲ್ಲ, ಆದ್ರೆ ನಿಮ್ಮ ಭಾಷೆ, ನಿಮ್ಮ ಶಾಲೆ, ನಿಮ್ಮ ಭೂಮಿ, ನಿಮ್ಮ ಸ್ಥಳೀಯ ಆಡಳಿತ ಇದನ್ನೆಲ್ಲ ಫಿನ್‌ಲೆಂಡ್ ಕಾಪಾಡ್ಲೇಬೇಕು. ಇವತ್ತಿಗೂ ಆ ವ್ಯವಸ್ಥೆ ನಡೀತಿದೆ, ದ್ವೀಪಕ್ಕೆ ಸ್ವಂತ ಬಾವುಟ ಇದೆ, ಸ್ವಂತ ಸಂಸತ್ತಿದೆ. ‘ಆಂತರಿಕ ಸ್ವನಿರ್ಣಯ’ ಅಂತ ನಿಮ್ಮ ಸಿಲಬಸ್‌ನಲ್ಲಿ ಬರತ್ತಲ್ಲ, ಅದರ ಮುದ್ದಾದ ಉದಾಹರಣೆ ಇದು. ನಮ್ಮ ಸಿ ಬ್ಲಾಕ್ ಜಗಳವೂ ಇದೇ ಥರ ಮುಗೀತು, ಅಸೋಸಿಯೇಷನ್ ಒಂದೇ, ಸಿ ಬ್ಲಾಕ್ ಲಿಫ್ಟಿಗೆ ಬೇರೆ ಅಕೌಂಟು, ಕಮಿಟೀಲಿ ಅವ್ರಿಗೆ ಎರಡು ಸೀಟು. ಪೇಂಟ್ ವಿಷಯ ಇನ್ನೂ ನಡೀತಿದೆ.

ಈಗ ನೀವು ಕೇಳಿದ ವಿರೋಧಾಭಾಸ. ಸ್ವನಿರ್ಣಯದ ಮಾತು 1945ರ ವಿಶ್ವಸಂಸ್ಥೆ ಚಾರ್ಟರ್‌ನ ಮೊದಲನೇ ವಿಧಿಯಲ್ಲೇ ಇದೆ, ಆದ್ರೆ ಅದಕ್ಕೆ ಹಲ್ಲು ಬಂದಿದ್ದು 1960ರ ಡಿಸೆಂಬರ್ 14ಕ್ಕೆ, ಸಾಮಾನ್ಯ ಸಭೆಯ 1514ನೇ ನಿರ್ಣಯದಲ್ಲಿ. ಆ ಒಂದೇ ವರ್ಷ 17 ಹೊಸ ದೇಶ ವಿಶ್ವಸಂಸ್ಥೆಗೆ ಸೇರಿದ್ವು, ಒಂದು ಬಿಟ್ಟು ಎಲ್ಲಾ ಆಫ್ರಿಕಾದ್ದು. ನಿರ್ಣಯಕ್ಕೆ ಪರವಾಗಿ 89 ಓಟು, ವಿರೋಧ ಸೊನ್ನೆ, ತಟಸ್ಥ 9, ಆ ಒಂಬತ್ತರಲ್ಲಿ ಬ್ರಿಟನ್ನು, ಫ್ರಾನ್ಸು, ಪೋರ್ಚುಗಲ್ಲು, ಅಮೆರಿಕ ಎಲ್ಲಾ ಇದ್ರು, ಯಾಕೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಎರಡನೇ ಪ್ಯಾರಾ ಎಲ್ಲ ಜನರಿಗೂ ಸ್ವನಿರ್ಣಯ ಅನ್ನತ್ತೆ, ಆರನೇ ಪ್ಯಾರಾ ದೇಶದ ಏಕತೆ, ಅಖಂಡತೆ ಒಡೆಯೋ ಯಾವ ಪ್ರಯತ್ನವೂ ಚಾರ್ಟರ್‌ಗೆ ವಿರುದ್ಧ ಅನ್ನತ್ತೆ. ನಿಮಗೆ ತಲೆ ಕೆಡಿಸಿದ್ದು ಇದೇ ಇರ್ಬೇಕು. ಆದ್ರೆ ಬರೆದೋರಿಗೆ ಇದ್ರಲ್ಲಿ ಗೊಂದಲ ಏನಿರ್ಲಿಲ್ಲ, ಯಾಕಂದ್ರೆ ಅವ್ರ ಲಿಸ್ಟ್ ಪಕ್ಕಾ ಆಗಿತ್ತು: ‘ಜನ’ ಅಂದ್ರೆ ಒಂದು ವಸಾಹತಿನ ಒಟ್ಟೂ ಜನ, ಬಿಳಿಯರು ಎಳೆದ ಗೆರೆ ಒಳಗೆ ಯಾರ್ಯಾರಿದಾರೋ ಅವ್ರೆಲ್ಲಾ. ಹೊರಗಿನ ದೊರೆ ಹೋಗೋ ತನಕ ಎರಡನೇ ಪ್ಯಾರಾ, ಹೋದ ಮಾರನೇ ದಿನದಿಂದ ಆರನೇ ಪ್ಯಾರಾ. ಗೆರೆ ಕೆಟ್ಟದ್ದೇ ಇರ್ಬೋದು, ಒಂದೇ ಕುಲದೋರನ್ನ ನಾಲ್ಕು ದೇಶಕ್ಕೆ ಹಂಚಿರ್ಬೋದು, ಆದ್ರೂ ಅದನ್ನ ಮುಟ್ಟಬಾರ್ದು ಅಂತ ಆಫ್ರಿಕಾದ ನಾಯಕರೇ 1964ರಲ್ಲಿ ಕೈರೋದಲ್ಲಿ ಕೂತು ಒಪ್ಕೊಂಡ್ರು, ಒಂದು ಗೆರೆ ಅಳಿಸಿದ್ರೆ ಎಲ್ಲಾ ಗೆರೆಗೂ ಜಗಳ ಹತ್ಕೊಳತ್ತೆ ಅನ್ನೋ ಹೆದರಿಕೆ. ಇದೇ ಲೆಕ್ಕದಲ್ಲಿ ಕಾಂಗೋದಿಂದ ಒಡೆದ ಕಟಾಂಗಾನೂ ಉಳೀಲಿಲ್ಲ, ನೈಜೀರಿಯಾದಿಂದ ಒಡೆದ ಬಯಾಫ್ರಾನೂ ಉಳೀಲಿಲ್ಲ.

ನಮ್ಮ ದೇಶದ ನಿಲುವು ಇದರಲ್ಲಿ ಬಹಳ ಸ್ಪಷ್ಟ, ಪರೀಕ್ಷೆಗೆ ಇದನ್ನ ಬಿಡ್ಲೇಬೇಡಿ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಮೊದಲನೇ ವಿಧಿ ಸ್ವನಿರ್ಣಯದ್ದೇ. 1979ರಲ್ಲಿ ಭಾರತ ಅದಕ್ಕೆ ಸೇರೋವಾಗ ಒಂದು ಷರಾ ಬರೀತು: ಈ ಹಕ್ಕು ವಿದೇಶಿ ಆಳ್ವಿಕೆ ಕೆಳಗಿರೋ ಜನಕ್ಕೆ ಮಾತ್ರ, ಸ್ವತಂತ್ರ ಸಾರ್ವಭೌಮ ದೇಶಕ್ಕಾಗ್ಲಿ, ಅದರೊಳಗಿನ ಒಂದು ಭಾಗದ ಜನಕ್ಕಾಗ್ಲಿ ಅನ್ವಯ ಆಗಲ್ಲ. ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ಆಕ್ಷೇಪ ಎತ್ತಿದ್ವು, ನಾವು ಷರಾ ವಾಪಸ್ ತಗೊಳ್ಲಿಲ್ಲ.

ಇಷ್ಟು ಪುಸ್ತಕದ ಮಾತಾಯ್ತು. ಈಗ ನಿಮ್ಮೂರಿಗೂ ನಮ್ಮೂರಿಗೂ ಸೇರಿದ ಒಬ್ಬ ಮನುಷ್ಯನ ಕತೆ ಹೇಳ್ತೀನಿ, ಇವರ ಹೆಸರನ್ನ ಈ ವಿಷಯದ ಜೊತೆ ಸೇರಿಸಿ ಯಾರೂ ಪಾಠ ಮಾಡಲ್ಲ, ನನಗೆ ಅದೊಂದು ಕೊರಗು. ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1945ರ ಜೂನ್ 26ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆ ಚಾರ್ಟರ್‌ಗೆ ಭಾರತದ ಪರವಾಗಿ ಸಹಿ ಹಾಕಿದ ನಿಯೋಗದ ಮುಖ್ಯಸ್ಥರು. ಯಾವ ಭಾರತ? ಬ್ರಿಟಿಷ್ ವೈಸರಾಯ್ ಆಳ್ತಿದ್ದ ಭಾರತ! ಸಾರ್ವಭೌಮ ದೇಶಗಳ ಸಂಸ್ಥೆಗೆ ಸಾರ್ವಭೌಮ ಅಲ್ಲದ ನಾವು ಸ್ಥಾಪಕ ಸದಸ್ಯರು, ಯಾರೂ ಏನೂ ಅನ್ಲಿಲ್ಲ.

ಮಾರನೇ ವರ್ಷ ಇವ್ರು ಮೈಸೂರು ಸಂಸ್ಥಾನದ ದಿವಾನರಾಗಿ ಇಲ್ಲಿಗೆ ಬಂದ್ರು. ಆಗಿನ ಬೆಂಗಳೂರನ್ನ ಒಂದ್ಸಲ ಕಣ್ಮುಂದೆ ತಂದ್ಕೊಳಿ. ಪೇಟೆ ಕಡೆ ಮಹಾರಾಜರ ಆಳ್ವಿಕೆ, ಮಹಾರಾಜರ ಪೊಲೀಸು, ಕಬ್ಬನ್ ಪಾರ್ಕ್ ದಾಟಿ ಆಕಡೆ ಹೋದ್ರೆ ದಂಡು, ಅಂದ್ರೆ ಕಂಟೋನ್ಮೆಂಟ್, ಅಲ್ಲಿ ಬ್ರಿಟಿಷ್ ರೆಸಿಡೆಂಟ್‌ನ ಆಳ್ವಿಕೆ, ಅವ್ನ ಪೊಲೀಸು, ಅವ್ನ ಕೋರ್ಟು, ಬೇರೆ ಮುನಿಸಿಪಾಲಿಟಿ. 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಕೊಡೋವಾಗ ದಂಡು ಪ್ರದೇಶ ತಮ್ಮ ಕೈಲೇ ಇಟ್ಕೊಂಡಿದ್ರು, ನೆಲದ ಒಡೆತನ ಹೆಸರಿಗೆ ಮಹಾರಾಜರದ್ದು, ಅಧಿಕಾರ ಎಲ್ಲಾ ಇವ್ರದ್ದು. ಅದು ಮೈಸೂರಿಗೆ ವಾಪಸ್ ಬಂದಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ. ಎರಡೂ ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಸಾರ್ವಭೌಮತ್ವ ಅನ್ನೋದು ಒಂದೇ ಇಡಿಗಂಟು, ಇದ್ರೆ ಪೂರ್ತಿ ಇರತ್ತೆ ಇಲ್ಲಾಂದ್ರೆ ಇಲ್ಲ ಅಂತ ಪುಸ್ತಕದಲ್ಲಿ ಓದಿರ್ತೀರಿ, ನಮ್ಮೂರಲ್ಲಿ ಅದನ್ನ ಮಸಾಲೆ ದೋಸೆ ಥರ ಮಧ್ಯಕ್ಕೆ ಮುರಿದು 66 ವರ್ಷ ಇಟ್ಟಿದ್ರು. ರೈಲ್ವೆ ಸ್ಟೇಷನ್ ಬೋರ್ಡ್‌ನಲ್ಲಿ ‘ಬೆಂಗಳೂರು ದಂಡು’ ಅಂತ ಈಗಲೂ ಇದೆ.

1947ರ ಆಗಸ್ಟ್ 9ಕ್ಕೆ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರೋ ಪತ್ರಕ್ಕೆ ಸಹಿ ಹಾಕಿದ್ರು. ಆದ್ರೆ ಒಳಗಿನ ಅಧಿಕಾರ? ಅದು ಅರಮನೇಲೇ ಉಳೀತು, ದಿವಾನರೂ ಅದೇ ಮೊದಲಿಯಾರ್. ಜನರಿಗೆ ಉತ್ತರ ಕೊಡೋ ಸರ್ಕಾರ ಬೇಕು ಅಂತ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಶುರುವಾಯ್ತು, ಬೀದೀಲಿ ‘ಆರ್ಕಾಟ್ ಬಾಯ್ಕಾಟ್’ ಅಂತ ಕೂಗು, ಚಾರ್ಟರ್‌ಗೆ ಸಹಿ ಹಾಕಿ ಬಂದೋರಿಗೇ ಚಾರ್ಟರ್ ಪಾಠ ಹೇಳ್ದಂಗೆ. ಒಂದೂವರೆ ತಿಂಗಳಲ್ಲಿ ಅರಮನೆ ಬಗ್ಗಿತು, ಅಕ್ಟೋಬರ್ ಕೊನೇಲಿ ಕೆ.ಸಿ. ರೆಡ್ಡಿ ಅವರ ಜವಾಬ್ದಾರಿ ಸರ್ಕಾರ ಬಂತು. ಹೊರಗಿನ ದೊರೆ ಹೋದ್ರೆ ಅರ್ಧ ಕೆಲಸ, ಒಳಗಿನ ದೊರೆನ ಕೇಳೋದೂ ಸ್ವನಿರ್ಣಯದ್ದೇ ಇನ್ನರ್ಧ, ಅದನ್ನ ನಮ್ಮ ಜನ ಯಾವ ನಿರ್ಣಯ ಓದ್ದೇನೇ ಮಾಡಿ ತೋರಿಸಿದ್ರು.

ನಿಮ್ಮೂರಿನ ಕತೆ ಇದಕ್ಕಿಂತ ಬಿಸಿ. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮರ ಹೈದರಾಬಾದ್‌ಗೆ ಸೇರಿದ್ವು. ಬ್ರಿಟಿಷ್‌ನೋರು ಹೋದ್ರೆ ನಾನು ಸಾರ್ವಭೌಮ ಅಂತ ನಿಜಾಮರು ಘೋಷಣೆ ಮಾಡಿಬಿಟ್ರು. ಒಂದು ವರ್ಷ ಹಗ್ಗ ಜಗ್ಗಾಟ, ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ, ಕೊನೆಗೆ 1948ರ ಆಗಸ್ಟ್‌ನಲ್ಲಿ ನಿಜಾಮರು ಭದ್ರತಾ ಮಂಡಳಿಗೆ ದೂರು ಕೊಟ್ರು. ಸೆಪ್ಟೆಂಬರ್ 13ಕ್ಕೆ ನಮ್ಮ ಸೇನೆ ಒಳಗೆ ಹೋಯ್ತು, 16ಕ್ಕೆ ಪ್ಯಾರಿಸ್‌ನಲ್ಲಿ ಮಂಡಳಿ ಸೇರ್ತು, ಭಾರತದ ಪರವಾಗಿ ಎದ್ದು ನಿಂತೋರು ಯಾರು ಹೇಳಿ? ಅದೇ ರಾಮಸ್ವಾಮಿ ಮೊದಲಿಯಾರ್. ವಾದ ಏನು? ಹೈದರಾಬಾದ್ ಒಂದು ದೇಶವೇ ಅಲ್ಲ, ಈ ಮಂಡಳಿ ಮುಂದೆ ಬರೋ ಅರ್ಹತೇನೇ ಅದಕ್ಕಿಲ್ಲ. ಮೂರು ವರ್ಷದ ಹಿಂದೆ ದೇಶವೇ ಅಲ್ಲದ ಭಾರತದ ಪರವಾಗಿ ಸಹಿ ಹಾಕಿದ ಕೈ! 17ಕ್ಕೆ ನಿಜಾಮರು ಶರಣಾದ್ರು, ಕೆಲವೇ ದಿನದಲ್ಲಿ ದೂರೂ ವಾಪಸ್ ಆಯ್ತು.

ನಾನು ಮೊದಲಿಯಾರರನ್ನ ಹಂಗಿಸ್ತಿಲ್ಲ, ಅವ್ರ ವಾದ ಕಾನೂನಿನ ಪ್ರಕಾರ ಗಟ್ಟಿಯಾಗೇ ಇತ್ತು, ಬ್ರಿಟಿಷರ ಅಧೀನದಲ್ಲಿದ್ದ ಸಂಸ್ಥಾನಕ್ಕೆ ಹೊರದೇಶಗಳ ಜೊತೆ ಸ್ವಂತ ಸಂಬಂಧ ಯಾವತ್ತೂ ಇರ್ಲಿಲ್ಲ. ಆದ್ರೆ ಹೈದರಾಬಾದ್‌ನಲ್ಲಿ ಜನಮತ ನಡೀಲಿಲ್ಲ ಅನ್ನೋದೂ ನಿಜ, ಗುಜರಾತ್ ಕಡೆಯ ಜುನಾಗಢ ಸಂಸ್ಥಾನದಲ್ಲಿ ನಡೀತು, ಹೈದರಾಬಾದ್‌ನಲ್ಲಿ ಇಲ್ಲ. ಕೇಳಿದ್ರೂ ಉತ್ತರ ಭಾರತವೇ ಆಗಿರ್ತಿತ್ತು ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಪೊಲೀಸ್ ಆಕ್ಷನ್ ಅಂತ ಕರೆಯೋ ಆ ಸೇನಾ ಕಾರ್ಯಾಚರಣೆ ಹಿಂದೆ ನಡೆದ ಹಿಂಸೆ ಬಗ್ಗೆ ಸುಂದರ್‌ಲಾಲ್ ಸಮಿತಿ ಕೊಟ್ಟ ವರದಿ ದಶಕಗಟ್ಟಲೆ ಹೊರಗೇ ಬರ್ಲಿಲ್ಲ, ಸೆಪ್ಟೆಂಬರ್ 17ರ ಉತ್ಸವದಲ್ಲಿ ಅದರ ಮಾತು ಬರಲ್ಲ, ನಿಮ್ಮ ಕಡೆ ಹಿರಿಯರಿಗೆ ಗೊತ್ತಿರತ್ತೆ. ಇನ್ನೂ ಒಂದು. ‘ಹೈದರಾಬಾದ್‌ನ ಜನ’ ಅನ್ನೋ ಲಿಸ್ಟೇ ಎಂಟು ವರ್ಷದಲ್ಲಿ ಮಾಯ ಆಯ್ತು. 1956ರ ನವೆಂಬರ್ 1ಕ್ಕೆ ತೆಲುಗಿನೋರು ಆಂಧ್ರಕ್ಕೆ, ಮರಾಠಿಯೋರು ಬೊಂಬಾಯಿ ರಾಜ್ಯಕ್ಕೆ, ನೀವು ನಮ್ಮ ಜೊತೆಗೆ. 1948ರಲ್ಲಿ ಯಾರನ್ನ ‘ಒಂದು ಜನ’ ಅಂತ ಎಣಿಸ್ಬೇಕಿತ್ತು ಅಂತ ಈಗ ಕೇಳಿದ್ರೆ ನಿಮ್ಮಜ್ಜಿ ಒಂದು ಹೇಳ್ತಾರೆ, ಹೈದರಾಬಾದ್‌ನ ಹಳೇ ಮನೆತನದೋರು ಇನ್ನೊಂದು ಹೇಳ್ತಾರೆ.

ಘೋಷಣೆ ಮಾಡೋದು ಸುಲಭ ಅನ್ನೋದಕ್ಕೆ ನಮ್ಮ ಕಡೇದೇ ಇನ್ನೊಂದು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಅಂತ ಸಾರ್ಕೊಳ್ತು, ಚಿಕ್ಕ ಹುಡುಗ್ರನ್ನ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿದ್ರು, ‘ಏಸೂರು ಕೊಟ್ಟರೂ ಈಸೂರು ಕೊಡೆವು’. ದೇಶ ಅನ್ನಿಸ್ಕೊಳೋಕ್ಕೆ ಏನು ಬೇಕು ಅಂತ 1933ರ ಮಾಂಟೆವಿಡಿಯೊ ಒಪ್ಪಂದ ನಾಲ್ಕು ಹೇಳತ್ತೆ, ಜನ, ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹಾರ ಮಾಡೋ ಶಕ್ತಿ. ಈಸೂರಲ್ಲಿ ಮೊದಲ ಮೂರು ಇತ್ತು ಅಂತ ತಮಾಷೆಗೆ ಹೇಳ್ಬೋದು, ನಾಲ್ಕನೇದು ಇರ್ಲಿಲ್ಲ, ಮತ್ತೆ ತಮಾಷೆ ಅಲ್ಲಿಗೇ ನಿಲ್ಲತ್ತೆ, ಯಾಕಂದ್ರೆ 1943ರಲ್ಲಿ ಆ ಊರಿನ ಐದು ಜನಕ್ಕೆ ಗಲ್ಲಾಯ್ತು.

ತಿರುಗಾಮುರುಗಾ ನೋಡ್ಬೇಕಾದ್ರೆ ಬೈಲಕುಪ್ಪೆಗೆ ಹೋಗಿ. 1960ರ ಸುಮಾರಿಗೆ ಆಗಿನ ಮೈಸೂರು ರಾಜ್ಯ ಟಿಬೆಟಿಯನ್ ನಿರಾಶ್ರಿತರಿಗೆ ಅಲ್ಲಿ ಜಾಗ ಕೊಡ್ತು. ಎಷ್ಟೋ ವರ್ಷದ ಹಿಂದೆ ವಿದ್ಯಾರ್ಥಿಗಳ ಜೊತೆ ಹೋದಾಗ ಅಲ್ಲಿನ ಹೋಟೆಲ್ ಯಜಮಾನರು ಒಬ್ರು ಗಲ್ಲಾಪೆಟ್ಟಿಗೆ ಕೆಳಗಿಂದ ಒಂದು ಹಸಿರು ಪುಸ್ತಕ ತೆಗೆದು ತೋರಿಸಿದ್ರು, ಗಡಿಪಾರಾದ ಅವ್ರ ಆಡಳಿತಕ್ಕೆ ಪ್ರತಿ ವರ್ಷ ಕಟ್ಟೋ ಕಾಣಿಕೆ ಅದ್ರಲ್ಲಿ ನಮೂದಾಗಿರತ್ತೆ, ಯಾರೂ ಬಲವಂತ ಮಾಡಲ್ಲ, ಆದ್ರೂ ಒಂದು ವರ್ಷವೂ ಬಿಟ್ಟಿರ್ಲಿಲ್ಲ. ನೆಲ ಇಲ್ಲ, ಮಾನ್ಯತೆ ಇಲ್ಲ, ಆದ್ರೆ ತೆರಿಗೆ ರಸೀದಿ ಇದೆ, ಚುನಾವಣೆ ಇದೆ, ಓಟರ್ ಲಿಸ್ಟ್ ಇದೆ. ದಲೈ ಲಾಮಾ ಈಗ ಕೇಳ್ತಿರೋದೂ ಸ್ವಾತಂತ್ರ್ಯ ಅಲ್ಲ, ಚೀನಾ ಒಳಗೇ ನಿಜವಾದ ಸ್ವಾಯತ್ತತೆ, ಅಂದ್ರೆ ಓಲಂಡ್ ಥರದ್ದು.

ಸರಿ, ಸ್ಕಾಟ್‌ಲೆಂಡಾ ಕ್ಯಾಟಲೋನಿಯಾನಾ ಅಂತ ಕೇಳಿದ್ರಲ್ಲ. ಅಂತರರಾಷ್ಟ್ರೀಯ ಕಾನೂನು ಇಬ್ರಿಗೂ ಬೇರೆ ಆಗೋ ಹಕ್ಕು ಕೊಟ್ಟಿಲ್ಲ, ಕಿತ್ಕೊಂಡೂ ಇಲ್ಲ. ವ್ಯತ್ಯಾಸ ಇರೋದು ಆ ದೇಶಗಳ ಒಳಗೆ. ಬ್ರಿಟನ್‌ಗೆ ಬರೆದಿಟ್ಟ ಒಂದೇ ಸಂವಿಧಾನ ಅಂತ ಇಲ್ಲ, 2012ರಲ್ಲಿ ಲಂಡನ್ ಸರ್ಕಾರ ಮತ್ತು ಎಡಿನ್‌ಬರೋದ ಸ್ಕಾಟ್‌ಲೆಂಡ್ ಸರ್ಕಾರ ಕೂತು ಒಪ್ಪಂದ ಮಾಡ್ಕೊಂಡ್ರು, ಸ್ಕಾಟ್‌ಲೆಂಡ್‌ನ ಜನ ಮಾತ್ರ ಓಟು ಹಾಕ್ಲಿ, ಲಿಸ್ಟ್ ಇದು ಅಂತ. 55.3 ಪರ್ಸೆಂಟ್ ಬೇಡ ಅಂದ್ರು, ಮುಗೀತು. ಸ್ಪೇನ್‌ನ 1978ರ ಸಂವಿಧಾನದ ಎರಡನೇ ವಿಧಿ ದೇಶ ಒಡೆಯಕ್ಕಾಗದ್ದು ಅನ್ನತ್ತೆ, ಸಾರ್ವಭೌಮತ್ವ ಇಡೀ ಸ್ಪೇನ್ ಜನರದ್ದು, ಅಂದ್ರೆ ಕ್ಯಾಟಲೋನಿಯಾ ಬಗ್ಗೆ ಕೇಳ್ಬೇಕಾದ್ರೂ ಎಲ್ಲರ ಸಂವಿಧಾನದ ದಾರೀಲೇ ಕೇಳ್ಬೇಕು. 72ರ ಲಿಸ್ಟು. 2017ರ ಅಕ್ಟೋಬರ್ 1ಕ್ಕೆ ಕ್ಯಾಟಲೋನಿಯಾ ರಾಜಧಾನಿ ಬಾರ್ಸಿಲೋನಾದೋರು 24ರ ಲಿಸ್ಟ್ ಹಿಡ್ಕೊಂಡು ಓಟು ನಡೆಸಿದ್ರು, ಲಾಠಿ ಬಿತ್ತು. ಸ್ಪೇನ್ ಕಾನೂನು ಪಾಯಿಂಟಲ್ಲಿ ಸರಿ ಇತ್ತು, ಲಾಠಿ ಪಾಯಿಂಟಲ್ಲಿ ಮಹಾ ತಪ್ಪು ಮಾಡ್ತು ಅಂತ ನನ್ನ ಅಭಿಪ್ರಾಯ. ಹಂಗಂತ ಬ್ರಿಟನ್‌ನೂ ತಲೆ ಮೇಲೆ ಕೂರಿಸ್ಕೊಬೇಡಿ, ಎರಡನೇ ಸಲ ಓಟು ಹಾಕ್ತೀವಿ ಅಂತ ಸ್ಕಾಟ್‌ಲೆಂಡ್ ಹೋದಾಗ 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಲಂಡನ್ ಒಪ್ಪಿಗೆ ಇಲ್ದೆ ಆಗಲ್ಲ ಅಂತು. ಲಾಠಿ ಬದ್ಲು ಜಡ್ಜ್‌ಮೆಂಟು, ಗೇಟ್ ಮಾತ್ರ ಅದೇ. ಕೆನಡಾ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದ್ದು ಎಲ್ಲಕ್ಕಿಂತ ಪ್ರಬುದ್ಧ ಅನ್ಸತ್ತೆ ನನಗೆ: ಏಕಪಕ್ಷೀಯವಾಗಿ ಹೊರಟು ಹೋಗೋ ಹಕ್ಕು ಕ್ವೆಬೆಕ್‌ಗಿಲ್ಲ, ಆದ್ರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದ್ರೆ ಉಳಿದ ಕೆನಡಾ ಕಿವಿ ಮುಚ್ಕೊಂಡು ಕೂರಂಗೂ ಇಲ್ಲ, ಮಾತುಕತೆಗೆ ಬರ್ಲೇಬೇಕು.

ಹಂಗಾದ್ರೆ ಬಾಂಗ್ಲಾದೇಶ ಹೆಂಗಾಯ್ತು ಅಂತೀರಿ. ಪಾಕಿಸ್ತಾನದ 1970ರ ಚುನಾವಣೇಲಿ ಬಹುಮತ ಗೆದ್ದ ಪೂರ್ವ ಭಾಗದೋರಿಗೆ ಅಧಿಕಾರ ಕೊಡ್ಲಿಲ್ಲ, ಬದಲಿಗೆ ಸೇನೆ ಬಿಟ್ಟು ಸಾಯಿಸಿದ್ರು. ಒಳಗೆ ಇರೋ ಎಲ್ಲಾ ಬಾಗಿಲೂ ಮುಚ್ಚಿ ಹೊಡೆದ್ರೆ ಹೊರಗೆ ಹೋಗೋ ಹಕ್ಕು ಹುಟ್ಟತ್ತೆ ಅನ್ನೋ ವಾದಕ್ಕೆ ಪರಿಹಾರ ರೂಪದ ಪ್ರತ್ಯೇಕತೆ ಅಂತಾರೆ, ಅದು ಇನ್ನೂ ಪಕ್ಕಾ ಕಾನೂನಾಗಿಲ್ಲ. 1971ರ ಡಿಸೆಂಬರ್ 6ಕ್ಕೆ ನಾವು ಮಾನ್ಯತೆ ಕೊಟ್ವಿ, ಚೀನಾದ ವೀಟೋ ದಾಟಿ ಅದು ವಿಶ್ವಸಂಸ್ಥೆ ಸೇರೋಕ್ಕೆ 1974 ಆಯ್ತು. ಅದೇ ಭಾರತ ಸರ್ಬಿಯಾದಿಂದ ಒಡೆದ ಕೊಸೊವೊಗೆ ಇವತ್ತಿಗೂ ಮಾನ್ಯತೆ ಕೊಟ್ಟಿಲ್ಲ. 2010ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಕೊಸೊವೊ ಘೋಷಣೆ ಕಾನೂನು ಮುರಿದಿಲ್ಲ ಅಂತ 10-4ರಲ್ಲಿ ಹೇಳ್ತು, ಆದ್ರೆ ಅದು ದೇಶ ಹೌದಾ ಅಲ್ವಾ ಅನ್ನೋದನ್ನ ಜಾಣತನದಿಂದ ಮುಟ್ಲೇ ಇಲ್ಲ. ಪ್ರತಿ ದೇಶವೂ ಇನ್ನೊಬ್ಬರ ಲಿಸ್ಟ್ ನೋಡೋವಾಗ ತನ್ನ ಮನೆ ಲಿಸ್ಟ್ ನೆನಪಿಸ್ಕೊಳತ್ತೆ, ಅದನ್ನ ದ್ವಂದ್ವ ನೀತಿ ಅಂತ ಬೈಬೋದು, ಬೈದು ಪ್ರಯೋಜನ ಇಲ್ಲ.

ನಮ್ಮೊಳಗಿನ ಲೆಕ್ಕ ಒಂದು ಸಾಲಲ್ಲಿ: ಸಂವಿಧಾನದ ಮೂರನೇ ವಿಧಿ ಪ್ರಕಾರ ರಾಜ್ಯದ ಗಡಿ ಬದಲಾಯ್ಸೋದು ಸಂಸತ್ತು, ರಾಜ್ಯದ ಅಭಿಪ್ರಾಯ ಕೇಳ್ಬೇಕು, ಒಪ್ಪಲೇಬೇಕು ಅಂತಿಲ್ಲ, 2014ರಲ್ಲಿ ಆಂಧ್ರ ವಿಧಾನಸಭೆ ಬೇಡ ಅಂದ್ರೂ ತೆಲಂಗಾಣ ಆಯ್ತಲ್ಲ ಹಂಗೆ. ಹಂಗಂತ ರಾಜ್ಯಗಳು ಕೇಂದ್ರದ ಬಾಲ ಅಲ್ಲ ಅಂತ ಸುಪ್ರೀಂ ಕೋರ್ಟ್‌ನ 1994ರ ಬೊಮ್ಮಾಯಿ ತೀರ್ಪು ಹೇಳತ್ತೆ, ಅದನ್ನ ಬೇರೆಯಾಗೇ ಓದ್ಕೊಳಿ, ನಮ್ಮವರದೇ ಕೇಸು.

ಕೊನೇದು, ನಿಮ್ಮ ರೂಮ್‌ಮೇಟ್ ಹೇಳಿದ್ದು ತಪ್ಪು. ಕಾನ್ಸುಲೇಟ್ ಇರೋ ಜಾಗ ಭಾರತದ ನೆಲಾನೇ, ಅಲ್ಲಿ ಯಾರಾದ್ರೂ ಜೇಬಿಗೆ ಕೈ ಹಾಕಿದ್ರೆ ನಮ್ಮ ಕಾನೂನಿನ ಪ್ರಕಾರವೇ ಅಪರಾಧ. 1963ರ ವಿಯೆನ್ನಾ ಒಪ್ಪಂದ ಕೊಟ್ಟಿರೋದು ರಕ್ಷಣೆ ಮಾತ್ರ, ಕಚೇರಿ ಕೆಲಸ ನಡೆಯೋ ಭಾಗಕ್ಕೆ ಅವ್ರ ಒಪ್ಪಿಗೆ ಇಲ್ದೆ ನಮ್ಮ ಪೊಲೀಸ್ರು ಹೋಗಂಗಿಲ್ಲ. ಹಳೇ ದಂಡು ಥರ ಅಧಿಕಾರ ಬಿಟ್ಟುಕೊಟ್ಟಿದ್ದಲ್ಲ ಅದು. ಬೆಂಕಿ ಬಿದ್ರೆ ಒಪ್ಪಿಗೆ ಇದೆ ಅಂತಲೇ ಅಂದ್ಕೊಂಡು ಫೈರ್ ಇಂಜಿನ್ ಸೀದಾ ಒಳಗೆ ಹೋಗ್ಬೋದು.